ಕಳ್ಳರ ಕಾವಲಿನ ಕ್ಯಾಮೆರಾದಲ್ಲಿ ಉಲ್ಕೆ ಹಿಡಿಯುವುದು ಹೇಗೆ?

ನನಗೆ ಸಿಕ್ಕ ಮೊದಲ ಉಲ್ಕೆ ವಿಡಿಯೊದಲ್ಲಿ ಇದ್ದದ್ದು ಬರೀ 11 ಫ್ರೇಮು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಅರ್ಧ ಸೆಕೆಂಡೂ ಆಗಲಿಲ್ಲ. ಅದಕ್ಕೆ ಮುಂಚಿನ ಮೂರು ವಾರ ಅದೇ ಕ್ಯಾಮೆರಾ, ಅದೇ ಗೋಡೆ, ಅದೇ ಆಕಾಶ, ಒಂದೂ ಸಿಕ್ಕಿರಲಿಲ್ಲ. ಉಲ್ಕೆಗಳೇನೋ ಬೀಳುತ್ತಲೇ ಇದ್ದವು. ಕ್ಯಾಮೆರಾ ಅವನ್ನು ಕಸ ಎಂದುಕೊಂಡು ಒರೆಸಿಹಾಕುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಒಂದೇ ಒಂದು ಆಯ್ಕೆಯನ್ನು ಆಫ್ ಮಾಡಿದ ರಾತ್ರಿ ಮೊದಲನೆಯದು ಸಿಕ್ಕಿತು. ಅದು ಯಾವುದೆಂದು ಮುಂದೆ ಹೇಳುತ್ತೇನೆ.

ಸೆಕ್ಯುರಿಟಿ ಕ್ಯಾಮೆರಾ ತಯಾರಾಗುವುದು ಗೇಟಿನ ಬಳಿ ನಿಂತವರ ಮುಖ ಚೆನ್ನಾಗಿ ಕಾಣಲಿ ಎಂದು. ಅದಕ್ಕಾಗಿ ಅದರೊಳಗೆ ಹತ್ತಾರು ಜಾಣತನ ತುಂಬಿರುತ್ತಾರೆ: ಕತ್ತಲಾದರೆ ತಾನೇ ದೀಪ ಹಾಕಿಕೊಳ್ಳುತ್ತದೆ, ಚಿತ್ರವನ್ನು ನಯ ಮಾಡುತ್ತದೆ, ಏನೂ ಅಲುಗದಿದ್ದರೆ ಜಾಗ ಉಳಿಸುತ್ತದೆ. ಆಕಾಶದ ಕೆಲಸಕ್ಕೆ ಇವೆಲ್ಲ ಅಡ್ಡಿ. ಈ ಲೇಖನದ ಬಹುಪಾಲು ಆ ಜಾಣತನವನ್ನು ಒಂದೊಂದಾಗಿ ಕಳಚುವುದರ ಬಗ್ಗೆಯೇ ಇದೆ.

ಇದೆಲ್ಲ ಬರೀ ಹುಚ್ಚು ಹವ್ಯಾಸ ಅಂದುಕೊಳ್ಳಬೇಡಿ. ಕ್ರೊಯೇಷಿಯಾದ ಹವ್ಯಾಸಿಗಳು 2007ರಲ್ಲಿ ದೇಶದ ಉದ್ದಗಲಕ್ಕೂ ಉಲ್ಕಾ ಜಾಲ ಕಟ್ಟಿದ್ದು ಅಗ್ಗದ ಕಾವಲು ಕ್ಯಾಮೆರಾಗಳಿಂದಲೇ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಗಾತ್ರದ ಬಂಡೆ ಸಿಡಿದಾಗ ಅದನ್ನು ಹಿಡಿದದ್ದು ಕಾರಿನ ಕ್ಯಾಮೆರಾಗಳು, ಬೀದಿ ಕ್ಯಾಮೆರಾಗಳು. ಕೊಲಂಬಿಯಾದ ಇಬ್ಬರು ವಿಜ್ಞಾನಿಗಳು ಚೆಲ್ಯಾಬಿನ್ಸ್ಕ್‌ನ ಚೌಕವೊಂದರ ಕ್ಯಾಮೆರಾದಲ್ಲಿ ಕಂಬಗಳ ನೆರಳು ನೆಲದ ಮೇಲೆ ಹೇಗೆ ತಿರುಗಿತು ಎಂಬುದನ್ನು ಅಳೆದು, ಆ ಬಂಡೆ ಸೂರ್ಯನನ್ನು ಸುತ್ತುತ್ತಿದ್ದ ದಾರಿಯನ್ನು ಲೆಕ್ಕ ಹಾಕಿದರು. ಆ ಕ್ಯಾಮೆರಾ ಆಕಾಶದ ಕಡೆ ನೋಡುತ್ತಲೂ ಇರಲಿಲ್ಲ.

ಯಾವ ಕ್ಯಾಮೆರಾ ಆದೀತು

ಮೆಗಾಪಿಕ್ಸೆಲ್ ಮರೆತುಬಿಡಿ. 8 ಮೆಗಾಪಿಕ್ಸೆಲ್ ಕ್ಯಾಮೆರಾದ ಪಿಕ್ಸೆಲ್‌ಗಳು ಚಿಕ್ಕವು, ಒಂದೊಂದಕ್ಕೂ ಬೀಳುವ ಬೆಳಕು ಕಡಿಮೆ. 2 ಮೆಗಾಪಿಕ್ಸೆಲ್ ಸಾಕು, ಆದರೆ ಸೆನ್ಸರ್ ಕಡಿಮೆ ಬೆಳಕಿನದಾಗಿರಬೇಕು. ಮಾರುವವರು ಇದನ್ನು ‘ಸ್ಟಾರ್‌ಲೈಟ್’ ಎಂದು ಕರೆಯುತ್ತಾರೆ. ಸೋನಿಯ ಐಎಂಎಕ್ಸ್ 291, ಐಎಂಎಕ್ಸ್ 307 ಸೆನ್ಸರ್‌ಗಳು ಉಲ್ಕೆ ಹಿಡಿಯುವವರ ನಡುವೆ ಮನೆಮಾತು.

ಎರಡನೆಯದು ಲೆನ್ಸಿನ ಎಫ್ ಸಂಖ್ಯೆ. ಎಫ್/2.0 ಲೆನ್ಸಿಗಿಂತ ಎಫ್/1.0 ಲೆನ್ಸ್ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಬಿಡಿಯಾಗಿ ಸಿಗುವ ಎಫ್/0.95ರ ಪುಟ್ಟ ಲೆನ್ಸುಗಳನ್ನು ಕ್ಯಾಮೆರಾದ ಹಳೆಯ ಲೆನ್ಸ್ ತಿರುಚಿ ತೆಗೆದು ಅದೇ ಜಾಗಕ್ಕೆ ಹಾಕಬಹುದು. ಫೋಕಲ್ ಉದ್ದ 4 ಮಿ.ಮೀ. ಆದರೆ ಈ ಸೆನ್ಸರ್‌ಗಳಲ್ಲಿ ಅಡ್ಡಕ್ಕೆ 70 ಡಿಗ್ರಿಯಷ್ಟು ಆಕಾಶ ಕಾಣುತ್ತದೆ, 6 ಮಿ.ಮೀ. ಆದರೆ 50ರ ಆಸುಪಾಸು. ಮೊದಲ ಸಲಕ್ಕೆ 4 ಮಿ.ಮೀ. ಒಳ್ಳೆಯದು. ಇಡೀ ಆಕಾಶ ಒಂದೇ ಸಲ ಬೇಕೆಂಬ ಆಸೆಗೆ ಮೀನುಕಣ್ಣಿನ ಲೆನ್ಸ್ ಹಾಕಿದರೆ ದೊಡ್ಡ ಉಲ್ಕೆಗಳಷ್ಟೇ ದಕ್ಕುತ್ತವೆ, ಸಣ್ಣವು ಕಳೆದುಹೋಗುತ್ತವೆ.

ಇನ್ನು ಮೂರು ಷರತ್ತು. ಕ್ಯಾಮೆರಾದ ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು), ಗೇಯ್ನ್ (ಸೆನ್ಸರಿಗೆ ಸಿಕ್ಕಿದ್ದನ್ನು ಹಿಗ್ಗಿಸಿ ತೋರಿಸುವ ಮಟ್ಟ) ನಮ್ಮ ಕೈಗೆ ಸಿಗಬೇಕು; ಬರೀ ಮೊಬೈಲ್ ಆ್ಯಪ್‌ನಲ್ಲಿ ನಾಲ್ಕು ಗುಂಡಿ ಇರುವ ಮಾದರಿ ಬೇಡ. ಆರ್‌ಟಿಎಸ್‌ಪಿ (ನೆಟ್‌ವರ್ಕ್‌ನಲ್ಲಿ ವಿಡಿಯೊ ಹರಿಸುವ ಪದ್ಧತಿ) ಮೂಲಕ ವಿಡಿಯೊ ಹೊರಗೆ ಕೊಡಬೇಕು, ಇಲ್ಲವಾದರೆ ಅದರ ರೆಕಾರ್ಡಿಂಗ್ ಅದರ ಕಂಪನಿಯ ಆ್ಯಪ್‌ನೊಳಗೇ ಉಳಿದುಬಿಡಬಹುದು. ಮತ್ತೆ, ಗುಮ್ಮಟದ ಆಕಾರದ ಡೋಮ್ ಕ್ಯಾಮೆರಾ ಬೇಡ: ಆ ಪ್ಲಾಸ್ಟಿಕ್ಕಿನ ಗೀರು, ಮಂಜು, ಪ್ರತಿಫಲನ ಎಲ್ಲ ಚಿತ್ರಕ್ಕೆ ಬರುತ್ತವೆ. ಉದ್ದನೆಯ ಬುಲೆಟ್ ಮಾದರಿ ತೆಗೆದುಕೊಳ್ಳಿ. ವೈಫೈಗಿಂತ ಕೇಬಲ್ ಲೇಸು. ಪಿಓಇ ಇದ್ದರೆ ಕರೆಂಟೂ ಡೇಟಾವೂ ಒಂದೇ ತಂತಿಯಲ್ಲಿ 100 ಮೀಟರ್‌ವರೆಗೆ ಹೋಗುತ್ತವೆ.

ಎಲ್ಲಿ, ಯಾವ ಕಡೆಗೆ

ನೆತ್ತಿಗೆ ನೇರ ಇಡಬೇಡಿ. ಮಳೆನೀರು ಗಾಜಿನ ಮೇಲೆ ನಿಲ್ಲುತ್ತದೆ, ಧೂಳು ಕೂರುತ್ತದೆ. ದಿಗಂತದಿಂದ 40–45 ಡಿಗ್ರಿ ಎತ್ತರಕ್ಕೆ ಕ್ಯಾಮೆರಾದ ಮಧ್ಯಭಾಗ ಇರಲಿ. ಬಹುಪಾಲು ಉಲ್ಕೆಗಳು ಉರಿಯುವುದು ನೆಲದಿಂದ 80–120 ಕಿ.ಮೀ. ಮೇಲೆ, ಓರೆಯಾಗಿ ನೋಡಿದಾಗ ಆ ಎತ್ತರದಲ್ಲಿ ನೀವು ಕಾಯುವ ಆಕಾಶದ ವಿಸ್ತಾರವೂ ಜಾಸ್ತಿ. ಭೂಮಿಯ ಉತ್ತರಾರ್ಧದಲ್ಲಿದ್ದರೆ ಉತ್ತರದ ಕಡೆಗೆ, ದಕ್ಷಿಣಾರ್ಧದಲ್ಲಿದ್ದರೆ ದಕ್ಷಿಣದ ಕಡೆಗೆ ತಿರುಗಿಸುವುದು ಸುರಕ್ಷಿತ. ಇಷ್ಟು ಅಗಲ ಬಾಯಿಯ ಲೆನ್ಸಿನ ಮೂಲಕ ಹಗಲಿನ ಸೂರ್ಯ ದಿನವೂ ಸೆನ್ಸರಿನ ಮೇಲೆ ಕೂರುವುದು ಒಳ್ಳೆಯದಲ್ಲ. ಆ ದಿಕ್ಕಿನಲ್ಲೇ ಬೀದಿದೀಪ ಇದ್ದರೆ ಮಾತ್ರ ಬೇರೆ ದಿಕ್ಕು ಹುಡುಕಿ. ದೀಪ ಚೌಕಟ್ಟಿನಿಂದ ಹೊರಗಿದ್ದರೂ ಅದರ ಬೆಳಕು ಲೆನ್ಸಿಗೆ ಅಡ್ಡ ಬಡಿದು ಚಿತ್ರ ಬಿಳಿಚುತ್ತದೆ. ಒಂದು ತುಂಡು ಪೈಪಿನ ಮರೆ ಕಟ್ಟಿದರೂ ಸಾಕಾಗುತ್ತದೆ.

ಚೌಕಟ್ಟಿನ ಕೆಳಅಂಚಿನಲ್ಲಿ ಒಂದು ಚೂರು ಮರದ ತುದಿಯೋ ಸೂರಿನ ಅಂಚೋ ಕಾಣುವಂತೆ ಇಡುವುದು ನನ್ನ ಅಭ್ಯಾಸ. ಕ್ಯಾಮೆರಾ ಅಲುಗಿತೋ ಇಲ್ಲವೋ ಎಂದು ಬೆಳಗ್ಗೆ ಅದನ್ನು ನೋಡಿದರೆ ಗೊತ್ತಾಗಿಬಿಡುತ್ತದೆ. ಆದರೆ ಪಕ್ಕದವರ ಕಿಟಕಿ, ಅಂಗಳ ಬರಬಾರದು. ಆಕಾಶ ನೋಡುವ ಕ್ಯಾಮೆರಾ ಎಂದು ಎಷ್ಟು ಹೇಳಿದರೂ ನಂಬುವುದು ಕಷ್ಟ. ಒಂದು ಸಲ ಕರೆದು ಚಿತ್ರ ತೋರಿಸಿಬಿಡಿ.

ಬಿಗಿಯಾಗಿ ಕೂರಿಸಿ. ಗಾಳಿಗೆ ಅಲ್ಲಾಡುವ ಕಂಬಕ್ಕಿಂತ ಗೋಡೆ ವಾಸಿ. ಕೇಬಲ್ ಕನೆಕ್ಟರ್ ತಲುಪುವ ಮುಂಚೆ ಅದನ್ನು ಒಂದಿಷ್ಟು ಕೆಳಗೆ ಜೋತಾಡಿಸಿ, ಮತ್ತೆ ಮೇಲೇರಿಸಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಫೋಕಸ್: ಒಂದು ರಾತ್ರಿ ಇದಕ್ಕೇ ಮೀಸಲಿಡಿ

ನಾನು ಹಗಲಲ್ಲಿ ದೂರದ ಟವರಿಗೆ ಫೋಕಸ್ ಮಾಡಿ, ಬಿಗಿ ಮಾಡಿ, ಏಣಿ ಒಳಗಿಟ್ಟು, ರಾತ್ರಿ ನೋಡಿದರೆ ಒಂದೊಂದು ನಕ್ಷತ್ರವೂ ಉದ್ದಿನವಡೆಯ ಹಾಗೆ ಕಾಣುತ್ತಿತ್ತು. ಕಾರಣ ಸರಳ. ಹಗಲಲ್ಲಿ ಸೆನ್ಸರಿನ ಮುಂದೆ ಇನ್‌ಫ್ರಾರೆಡ್ ಎಂಬ ಕಣ್ಣಿಗೆ ಕಾಣದ ಬೆಳಕನ್ನು ತಡೆಯುವ ಗಾಜು ಇರುತ್ತದೆ. ರಾತ್ರಿ ಅದು ‘ಟಿಕ್’ ಎಂದು ಸರಿದುಹೋಗುತ್ತದೆ. ಬೆಳಕಿನ ಬಣ್ಣ ಬದಲಾದಾಗ ಫೋಕಸ್ ಬೀಳುವ ಜಾಗವೂ ಬದಲಾಗುತ್ತದೆ.

ಆದ್ದರಿಂದ ರಾತ್ರಿಯೇ ಮಾಡಿ, ಕ್ಯಾಮೆರಾವನ್ನು ಕಪ್ಪು–ಬಿಳುಪು ಮೋಡ್‌ನಲ್ಲಿಟ್ಟುಕೊಂಡು ಮಾಡಿ. ಪ್ರಕಾಶಮಾನ ನಕ್ಷತ್ರವನ್ನು ಆರಿಸಿದರೆ ಅದು ಹೇಗಿದ್ದರೂ ದಪ್ಪಗೇ ಕಾಣುತ್ತದೆ. ಕಂಡೂ ಕಾಣದಂತಿರುವ ಮಸುಕು ಚುಕ್ಕಿಯೊಂದನ್ನು ಹುಡುಕಿಕೊಂಡು, ಲೆನ್ಸನ್ನು ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುಗಿಸಿ, ಕೈ ತೆಗೆದು, ಎರಡು ಸೆಕೆಂಡ್ ಕಾಯಿರಿ. ಚಿತ್ರ ನೆಟ್‌ವರ್ಕ್ ಹಾದು ಮೊಬೈಲಿಗೆ ಬರಲು ಅಷ್ಟು ಹೊತ್ತು ಬೇಕು; ಅವಸರ ಮಾಡಿದರೆ ಸರಿಯಾದ ಜಾಗ ದಾಟಿ ಮುಂದೆ ಹೋಗಿರುತ್ತೀರಿ. ಆ ಮಸುಕು ಚುಕ್ಕಿಯ ಸುತ್ತ ಹಿಂದೆ ಕಾಣದಿದ್ದ ಇನ್ನೂ ನಾಲ್ಕು ಚುಕ್ಕಿ ಎದ್ದು ಬಂದವೋ, ಅಲ್ಲೇ ನಿಲ್ಲಿಸಿ. ಲೆನ್ಸಿನ ಎಳೆಗೆ ಒಂದು ಹನಿ ನೇಲ್ ಪಾಲಿಶ್ ಇಟ್ಟರೆ ತಾನಾಗಿ ತಿರುಗುವುದಿಲ್ಲ, ಬೇಕೆಂದಾಗ ಬಿಡಿಸಲೂಬಹುದು. ಮುಚ್ಚುವ ಮುಂಚೆ ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ ಹಾಕುವುದನ್ನು ಮರೆಯಬೇಡಿ.

ಜಾಣತನ ಕಳಚುವುದು

ಈಗ ಕಂಪ್ಯೂಟರಿನ ಬ್ರೌಸರಿನಲ್ಲಿ ಕ್ಯಾಮೆರಾದ ಸೆಟ್ಟಿಂಗ್ಸ್ ಪುಟ ತೆರೆಯಿರಿ. ಮೊದಲು ಪಾಸ್‌ವರ್ಡ್ ಬದಲಾಯಿಸಿ, ಹೊರಗಿನ ಇಂಟರ್ನೆಟ್ಟಿಗೆ ಕ್ಯಾಮೆರಾವನ್ನು ತೆರೆದಿಡಬೇಡಿ.

ಐಆರ್ (ಇನ್‌ಫ್ರಾರೆಡ್) ದೀಪಗಳು ಆಫ್. ಅವುಗಳ ಬೆಳಕು ಹತ್ತಿಪ್ಪತ್ತು ಮೀಟರ್ ಹೋಗುವಂಥದ್ದು, 100 ಕಿ.ಮೀ. ಮೇಲಿನದಕ್ಕೆ ಪ್ರಯೋಜನವಿಲ್ಲ. ಆದರೆ ಎದುರು ಹಾರುವ ಪ್ರತಿ ಹುಳುವನ್ನೂ ಮಿಂಚಿಸುತ್ತವೆ. ಹುಳು ಬಂದರೆ ಜೇಡ ಬರುತ್ತದೆ. ನನ್ನ ಕ್ಯಾಮೆರಾದ ಮುಂದೆ ಒಂದು ಜೇಡ ಒಂದೇ ರಾತ್ರಿಯಲ್ಲಿ ಬಲೆ ನೇಯ್ದು, ಬೆಳಗಿನ ಜಾವದ ಇಬ್ಬನಿ ಅದರ ಎಳೆಗಳ ಮೇಲೆ ಕೂತು, ಆ ವಿಡಿಯೊ ನೋಡಲು ಎಷ್ಟು ಚೆಂದವಿತ್ತೆಂದರೆ ಇನ್ನೂ ಅಳಿಸಿಲ್ಲ. ಉಲ್ಕೆ ಮಾತ್ರ ಸೊನ್ನೆ.

ಡೇ–ನೈಟ್ ಸ್ವಿಚ್ ‘ಆಟೊ’ದಲ್ಲಿದ್ದರೆ ತೆಗೆದು, ರಾತ್ರಿಯಿಡೀ ಕಪ್ಪು–ಬಿಳುಪಿಗೆ ಕಟ್ಟಿಹಾಕಿ. ಉಲ್ಕೆ ಉರಿಯುವಾಗ ಆಮ್ಲಜನಕದ ಪರಮಾಣುಗಳು 777 ನ್ಯಾನೊಮೀಟರ್ ತರಂಗಾಂತರದಲ್ಲಿ ಗಟ್ಟಿಯಾಗಿ ಬೆಳಗುತ್ತವೆ; ಆ ಬೆಳಕು ಕಣ್ಣಿಗೆ ಹೆಚ್ಚೂಕಮ್ಮಿ ಕಾಣದು, ತಡೆಗಾಜು ಸರಿದ ಸೆನ್ಸರಿಗೆ ಚೆನ್ನಾಗಿ ಕಾಣುತ್ತದೆ.

ಶಟರ್ ಬಗ್ಗೆ ಎಲ್ಲರೂ ಎಡವುತ್ತಾರೆ. ಕತ್ತಲು ಜಾಸ್ತಿ, ಹಾಗಾದರೆ ಶಟರನ್ನು ಒಂದು ಸೆಕೆಂಡ್ ತೆರೆದಿಟ್ಟರೆ ಹೆಚ್ಚು ಬೆಳಕು ಬರುತ್ತದಲ್ಲ ಅನಿಸುತ್ತದೆ. ನಕ್ಷತ್ರಕ್ಕೆ ಅದು ನಿಜ, ಉಲ್ಕೆಗೆ ಸುಳ್ಳು. ಸೆಕೆಂಡಿಗೆ 60 ಕಿ.ಮೀ. ವೇಗದ ಉಲ್ಕೆ 140 ಕಿ.ಮೀ. ದೂರದಲ್ಲಿ ಅಡ್ಡಲಾಗಿ ಹೋದರೆ ಸೆಕೆಂಡಿಗೆ 24 ಡಿಗ್ರಿಯಷ್ಟು ಆಕಾಶ ದಾಟುತ್ತದೆ. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ, 4 ಮಿ.ಮೀ. ಲೆನ್ಸಿನಲ್ಲಿ, ಒಂದೇ ಫ್ರೇಮಿನೊಳಗೆ ಅದು 25 ಪಿಕ್ಸೆಲ್‌ಗೂ ಹೆಚ್ಚು ಸರಿದಿರುತ್ತದೆ. ಯಾವ ಪಿಕ್ಸೆಲ್ ಮೇಲೂ ಅದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲಿಗಿಂತ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಉಲ್ಕೆಯ ಗೆರೆ ಅಷ್ಟೇ ಬೆಳ್ಳಗೆ. ಹಿನ್ನೆಲೆಯ ಆಕಾಶ ಮಾತ್ರ ಬೆಳ್ಳಗಾಗುತ್ತಾ ಅದನ್ನು ನುಂಗುತ್ತದೆ. ಹಾಗಾಗಿ ಸೆಕೆಂಡಿಗೆ 25 ಫ್ರೇಮು, ಶಟರ್ 1/25, ಎರಡೂ ಸ್ಥಿರ. ‘ಸ್ಲೋ ಶಟರ್’ ಎಂಬ ಸಾಲು ಕಂಡರೆ ಆಫ್.

ಗೇಯ್ನ್ ಕೂಡ ಸ್ಥಿರವಾಗಿರಲಿ. ಏರಿಸುತ್ತಾ ಹೋಗಿ, ಆಕಾಶ ಗಾಢ ಬೂದು ಬಣ್ಣಕ್ಕೆ ಬಂದು, ಸಣ್ಣಗೆ ಮರಳು ಕುದಿಯುವಂತೆ ಕಾಣಲು ಶುರುವಾದಾಗ ನಿಲ್ಲಿಸಿ. ಕಪ್ಪಗೆ ನುಣ್ಣಗೆ ಚಂದ ಕಾಣುವ ಚಿತ್ರ ನಮ್ಮ ಕೆಲಸಕ್ಕೆ ಬಾರದು.

ಆ ಮರಳನ್ನು ಒರೆಸುವುದೇ ‘3ಡಿ ನಾಯ್ಸ್ ರಿಡಕ್ಷನ್’. ನನ್ನ ಮೂರು ವಾರ ತಿಂದದ್ದು ಇದೇ. ಹಿಂದಿನ ಫ್ರೇಮುಗಳನ್ನೂ ಈಗಿನದನ್ನೂ ಹೋಲಿಸಿ, ಒಂದು ಪಿಕ್ಸೆಲ್‌ನಲ್ಲಿ ಒಂದೇ ಫ್ರೇಮಿಗೆ ಬಂದು ಮಾಯವಾದದ್ದನ್ನು ಅದು ಗದ್ದಲವೆಂದು ತೀರ್ಮಾನಿಸುತ್ತದೆ. ಮಸುಕು ಉಲ್ಕೆ ಅಂದರೆ ಅದೇ ತಾನೆ? ಇದನ್ನು ಆಫ್ ಮಾಡಿ, ಆಗದಿದ್ದರೆ ಸೊನ್ನೆಗೆ ಇಳಿಸಿ. ಡಬ್ಲ್ಯೂಡಿಆರ್, ಬ್ಯಾಕ್‌ಲೈಟ್, ಡೀಫಾಗ್, ಶಾರ್ಪ್‌ನೆಸ್ ಇವುಗಳಿಗೂ ಇದೇ ಗತಿ.

ಕೊನೆಗೆ ಕೋಡೆಕ್, ಅಂದರೆ ವಿಡಿಯೊವನ್ನು ಕುಗ್ಗಿಸುವ ವಿಧಾನ. ‘ಸ್ಮಾರ್ಟ್’ ಎಂದೋ ಪ್ಲಸ್ ಚಿಹ್ನೆ ಹಾಕಿಯೋ ಬರುವ ಆಯ್ಕೆಗಳು ಅಲುಗದ ಹಿನ್ನೆಲೆಗೆ ಬಿಟ್‌ಗಳನ್ನು ಕೊಡದೆ ಉಳಿಸುತ್ತವೆ. ರಾತ್ರಿಯ ಆಕಾಶ ಅವುಗಳ ಕಣ್ಣಿಗೆ ಪೂರ್ತಿ ಹಿನ್ನೆಲೆಯೇ. ಸಾದಾ ಎಚ್.264, ಸ್ಥಿರ ಬಿಟ್‌ರೇಟ್, 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ಅಥವಾ ಹೆಚ್ಚು.

ಎಲ್ಲ ಸರಿಯಿದೆಯೇ ಎಂದು ತಿಳಿಯಲು ಚಂದ್ರನಿಲ್ಲದ ರಾತ್ರಿ ಸಪ್ತರ್ಷಿ ಮಂಡಲವನ್ನೋ ಮಹಾವ್ಯಾಧನನ್ನೋ ನೋಡಿ. ಮುಖ್ಯ ಚುಕ್ಕಿಗಳ ಜೊತೆ ಸುತ್ತಲಿನ ನಾಲ್ಕನೇ ಕಾಂತಿಮಾನದ ಮಸುಕು ನಕ್ಷತ್ರಗಳೂ ಕಂಡರೆ ನಿಮ್ಮ ಕ್ಯಾಮೆರಾ ತಯಾರು.

ಗಡಿಯಾರ

ಚಿಕ್ಕ ವಿಷಯ, ಆದರೆ ಇದು ತಪ್ಪಿದರೆ ನಿಮ್ಮ ವಿಡಿಯೊ ಬರೀ ಚಂದದ ಚಿತ್ರ. ಒಂದು ಸೆಕೆಂಡ್ ತಪ್ಪಿದರೆ ಉಲ್ಕೆಯ ಜಾಗ ಹತ್ತಾರು ಕಿ.ಮೀ. ಆಚೀಚೆ. ಕ್ಯಾಮೆರಾದಲ್ಲೂ ಕಂಪ್ಯೂಟರಿನಲ್ಲೂ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಮಾಡುವ ವ್ಯವಸ್ಥೆ) ಹಾಕಿ, ಗಂಟೆಗೊಮ್ಮೆ ಸರಿಮಾಡಿಕೊಳ್ಳುವಂತಿರಲಿ. ಸಮಯವನ್ನು ಜಗತ್ತಿಗೆಲ್ಲ ಒಂದೇ ಆದ ಯುಟಿಸಿಯಲ್ಲೇ ಬರೆದಿಡಿ. ಮಧ್ಯರಾತ್ರಿ ತಾರೀಖು ಬದಲಾಗುವ ಗೊಂದಲ, ಬೇರೆ ದೇಶದವರ ಜೊತೆ ಹೋಲಿಸುವ ತಲೆನೋವು ಎರಡೂ ತಪ್ಪುತ್ತವೆ. ಒಮ್ಮೆ ಮೊಬೈಲಿನ ಗಡಿಯಾರವನ್ನು ಕ್ಯಾಮೆರಾದ ಮುಂದೆ ಹಿಡಿದು, ವಿಡಿಯೊದ ಸಮಯಕ್ಕೂ ಅದಕ್ಕೂ ಎಷ್ಟು ಅಂತರ ಎಂದು ಗುರುತು ಹಾಕಿಕೊಳ್ಳಿ.

ರೆಕಾರ್ಡಿಂಗ್, ಹುಡುಕಾಟ

ಕ್ಯಾಮೆರಾದೊಳಗಿನ ಮೋಷನ್ ಡಿಟೆಕ್ಷನ್ ನಂಬಬೇಡಿ. ಅದು ನಡೆದಾಡುವ ಮನುಷ್ಯನಿಗಾಗಿ ಇರುವುದು, ಅರ್ಧ ಸೆಕೆಂಡಿನ ಕೂದಲೆಳೆಯಂಥ ಗೆರೆಗಲ್ಲ. ಸಂಜೆಯಿಂದ ಬೆಳಗಿನವರೆಗೆ ಪೂರ್ತಿ ರೆಕಾರ್ಡ್ ಮಾಡಿ. 4 ಎಂಬಿಪಿಎಸ್‌ನಲ್ಲಿ 10 ಗಂಟೆಗೆ 18 ಜಿಬಿ ಆಗುತ್ತದೆ. ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶವಿದೆ. ಆರ್‌ಟಿಎಸ್‌ಪಿ ವಿಳಾಸ ಕೊಟ್ಟು, ಮರುಕುಗ್ಗಿಸದೆ ಹಾಗೇ ನಕಲು ಮಾಡು, ನಿಮಿಷಕ್ಕೊಂದು ಫೈಲ್ ಆಗಿ ಕತ್ತರಿಸು ಎಂದು ಹೇಳಿದರೆ ರಾತ್ರಿಯಿಡೀ ತಾನೇ ಮಾಡುತ್ತದೆ. ಹಳೆಯದನ್ನು ತಾನೇ ಅಳಿಸುವ ಏರ್ಪಾಡು ಮೊದಲ ದಿನವೇ ಮಾಡಿ. ನನ್ನ ಡಿಸ್ಕ್ ತುಂಬಿ ರೆಕಾರ್ಡಿಂಗ್ ನಿಂತದ್ದು ಡಿಸೆಂಬರ್ 13ರ ರಾತ್ರಿ, ಜೆಮಿನಿಡ್ ಉಲ್ಕಾವೃಷ್ಟಿ ತುತ್ತತುದಿಗೇರುವ ಹೊತ್ತಿಗೆ.

10 ಗಂಟೆಯ ವಿಡಿಯೊವನ್ನು ಯಾರೂ ಕೂತು ನೋಡಲಾರರು. ಉಪಾಯ ಹೀಗಿದೆ: ಹತ್ತು ಸೆಕೆಂಡಿನ ಫ್ರೇಮುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಪ್ರತಿ ಪಿಕ್ಸೆಲ್‌ನಲ್ಲೂ ಅತಿ ಹೆಚ್ಚು ಬೆಳಗಿದ ಕ್ಷಣವನ್ನಷ್ಟೇ ಉಳಿಸಿ ಒಂದು ಚಿತ್ರ ಮಾಡುವುದು. ಉಲ್ಕೆ ಬಿದ್ದಿದ್ದರೆ ಆ ಚಿತ್ರದಲ್ಲಿ ಪೂರ್ತಿ ಗೆರೆಯಾಗಿ ನಿಂತಿರುತ್ತದೆ. ಉಲ್ಕಾ ವಿಜ್ಞಾನಿ ಡೆನಿಸ್ ವಿಡಾ 2018ರಲ್ಲಿ ಶುರುಮಾಡಿದ ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್ ಎಂಬ ಉಲ್ಕಾ ಕ್ಯಾಮೆರಾ ಜಾಲದ ಆರ್‌ಎಂಎಸ್ ತಂತ್ರಾಂಶ ಇದೇ ಉಪಾಯವನ್ನು ಇನ್ನೂ ಅಚ್ಚುಕಟ್ಟಾಗಿ ಮಾಡುತ್ತದೆ: 256 ಫ್ರೇಮುಗಳಿಗೊಮ್ಮೆ, ಪ್ರತಿ ಪಿಕ್ಸೆಲ್ ಅತಿ ಹೆಚ್ಚು ಎಷ್ಟು ಬೆಳಗಿತು, ಯಾವ ಫ್ರೇಮಿನಲ್ಲಿ ಬೆಳಗಿತು, ಸರಾಸರಿ ಎಷ್ಟು, ಏರಿಳಿತ ಎಷ್ಟು ಎಂಬ ನಾಲ್ಕನ್ನೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಓಡುತ್ತದೆ, ಉಚಿತ, ಬೆಳಗಾಗುವಷ್ಟರಲ್ಲಿ ಸಿಕ್ಕಿದ್ದನ್ನೆಲ್ಲ ಆರಿಸಿಟ್ಟಿರುತ್ತದೆ. ಜಪಾನಿನ ಸೊನೊಟಾಕೊ ಅವರ ಯುಎಫ್‌ಓ ಕ್ಯಾಪ್ಚರ್ ಎಂಬ ಉಲ್ಕೆ ಹಿಡಿಯುವ ತಂತ್ರಾಂಶ ವಿಂಡೋಸ್‌ನವರಿಗೆ ಹಳೆಯ ಪರಿಚಯ. ಪರದೆಯ ಮೂಲೆಯಲ್ಲಿ ಸೆಕೆಂಡ್ ಸೆಕೆಂಡಿಗೂ ಬದಲಾಗುವ ತಾರೀಖು–ಸಮಯದ ಅಕ್ಷರಗಳನ್ನು ಯಾವ ತಂತ್ರಾಂಶಕ್ಕೂ ತೋರಿಸಬೇಡಿ. ಮರೆಮಾಡಿ, ಇಲ್ಲವೇ ಅಂಚಿಗೆ ತಳ್ಳಿ, ಆ ಭಾಗ ನೋಡಬೇಡ ಎಂದು ತಂತ್ರಾಂಶದಲ್ಲಿ ಮಾಸ್ಕ್ ಹಾಕಿ.

ಇದು ಉಲ್ಕೆಯೇ?

ಮೊದಲ ಬೆಳಗ್ಗೆ ನೂರು ಗೆರೆ ಸಿಕ್ಕಿರುತ್ತವೆ, ಅದರಲ್ಲಿ ಐದು ಉಲ್ಕೆ ಇದ್ದರೆ ಪುಣ್ಯ. ಬೇರ್ಪಡಿಸಲು ಫ್ರೇಮ್ ಫ್ರೇಮಾಗಿ ನೋಡಬೇಕು. ವಿಮಾನಕ್ಕೆ ದೀಪ ಮಿನುಗುತ್ತದೆ, ಚೌಕಟ್ಟು ದಾಟಲು ನಿಮಿಷವೇ ಬೇಕು. ಉಪಗ್ರಹ ಒಂದೇ ಸಮನೆ ತೆವಳುತ್ತದೆ. ಹೆಚ್ಚಾಗಿ ಮುಸ್ಸಂಜೆಯ ನಂತರ, ಮುಂಜಾವಿನ ಮುಂಚೆ ಕಾಣುತ್ತದೆ, ಯಾಕೆಂದರೆ ಅದು ಬೆಳಗುವುದು ಸೂರ್ಯನ ಬೆಳಕಿಗೆ. ಒಂದೇ ಫ್ರೇಮಿನಲ್ಲಿ ಬಂದು ಹೋದ ಚೂಪು ಗೆರೆ ಸೆನ್ಸರಿಗೆ ಬಡಿದ ಕಾಸ್ಮಿಕ್ ಕಣವಾಗಿರಬಹುದು.

ಮೋಸ ಮಾಡುವುದು ಹುಳು. ಅದೂ ಅರ್ಧ ಸೆಕೆಂಡಿನಲ್ಲಿ ಚೌಕಟ್ಟು ದಾಟುತ್ತದೆ. ದೊಡ್ಡದು ಮಾಡಿ ನೋಡಿದರೆ ಗೆರೆ ಮಣಿಸರದ ಹಾಗೆ, ಒಂದೊಂದು ಮಣಿಯೂ ಒಂದು ರೆಕ್ಕೆಬಡಿತ. ಜೊತೆಗೆ ಸ್ವಲ್ಪ ಬಾಗಿರುತ್ತದೆ. ಉಲ್ಕೆಯ ಗೆರೆ ರೂಲರ್ ಇಟ್ಟು ಎಳೆದಂತೆ ನೇರ. ತೆಳ್ಳಗೆ ಶುರುವಾಗಿ, ದಪ್ಪವಾಗುತ್ತಾ ಬಂದು, ಕೊನೆಯಲ್ಲಿ ಒಮ್ಮೆ ಭಗ್ಗೆಂದು ಉರಿದು ನಂದುವುದು ಅದರ ನಡೆ. ವೇಗದ ಉಲ್ಕೆಯಾದರೆ ಹೋದ ಮೇಲೂ ಗೆರೆ ಕೆಲವು ಸೆಕೆಂಡ್ ಹೊಗೆಯಂತೆ ನಿಲ್ಲುತ್ತದೆ. ಆ ಗೆರೆಯನ್ನು ಹಿಂದಕ್ಕೆ ಎಳೆಯುತ್ತಾ ಹೋಗಿ. ಡಿಸೆಂಬರ್ 13–14ರಂದು ಅದು ಮಿಥುನ ರಾಶಿ ಮುಟ್ಟಿದರೆ ಬಹುಶಃ ಜೆಮಿನಿಡ್: ಫೇತಾನ್ ಕ್ಷುದ್ರಗ್ರಹದ ಧೂಳು, ಸೆಕೆಂಡಿಗೆ 35 ಕಿ.ಮೀ. ಆಗಸ್ಟ್ 12–13ರಂದು ಪರ್ಸಿಯಸ್ ನಕ್ಷತ್ರಪುಂಜದ ಕಡೆ ಹೋದರೆ ಸ್ವಿಫ್ಟ್–ಟಟಲ್ ಧೂಮಕೇತುವಿನದು, ಸೆಕೆಂಡಿಗೆ 59 ಕಿ.ಮೀ. ಎರಡನ್ನೂ ಕಂಡವರಿಗೆ ವೇಗದಲ್ಲೇ ಗುರುತು ಸಿಗುತ್ತದೆ. ಉಲ್ಕಾವೃಷ್ಟಿಯ ದಿನವೇ ಬೇಕೆಂದಿಲ್ಲ. ಮಧ್ಯರಾತ್ರಿ ಕಳೆದ ಮೇಲೆ ನಾವಿರುವ ಭಾಗ ಭೂಮಿ ಓಡುವ ದಿಕ್ಕಿಗೆ ಮುಖ ಮಾಡುವುದರಿಂದ ಯಾವ ರಾತ್ರಿಯಾದರೂ ಬೆಳಗಿನ ಜಾವದ ಫೈಲುಗಳಲ್ಲಿ ಹೆಚ್ಚು ಸಿಗುತ್ತವೆ.

ಎರಡನೆಯ ಕಣ್ಣು

ಒಂದು ಕ್ಯಾಮೆರಾಕ್ಕೆ ದೂರ ತಿಳಿಯದು. 50ರಿಂದ 150 ಕಿ.ಮೀ. ದೂರದ ಇನ್ನೊಬ್ಬರು 100 ಕಿ.ಮೀ. ಮೇಲಿನ ಅದೇ ಆಕಾಶದ ತುಂಡನ್ನು ನೋಡುತ್ತಿದ್ದರೆ ಎತ್ತರ, ವೇಗ, ಕೊನೆಗೆ ಆ ಕಣ ಸೂರ್ಯನನ್ನು ಸುತ್ತುತ್ತಿದ್ದ ಕಕ್ಷೆ ಎಲ್ಲವೂ ಲೆಕ್ಕಕ್ಕೆ ಸಿಗುತ್ತವೆ. ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್‌ನಲ್ಲಿ ಈಗ ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳಿವೆ. ಸೇರುವ ಮುಂಚೆ ಚಿತ್ರದ ಯಾವ ಪಿಕ್ಸೆಲ್ ಆಕಾಶದ ಯಾವ ಬಿಂದು ಎಂದು ನಕ್ಷತ್ರಗಳನ್ನು ಗುರುತಿಸಿ ತಾಳೆ ಹಾಕಿಕೊಡಬೇಕು. ಕ್ಯಾಮೆರಾವನ್ನು ಒರೆಸುವಾಗ ಕೈ ತಾಗಿ ಒಂದಿಷ್ಟು ತಿರುಗಿದರೂ ಮತ್ತೆ ಮಾಡಬೇಕು. ಕೆಳಅಂಚಿನ ಮರದ ತುದಿ ಆಗ ನೆರವಿಗೆ ಬರುತ್ತದೆ.

ಜಾಲಕ್ಕೆ ಸೇರದಿದ್ದರೂ, ಶುಕ್ರ ಗ್ರಹಕ್ಕಿಂತ ಪ್ರಕಾಶಮಾನವಾದ ಅಗ್ನಿಗೋಳ ಸಿಕ್ಕರೆ ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಷನ್‌ನ ಆನ್‌ಲೈನ್ ಫಾರಂನಲ್ಲಿ ತಿಳಿಸಿ. 2021ರ ಫೆಬ್ರವರಿ 28ರ ರಾತ್ರಿ ಇಂಗ್ಲೆಂಡಿನ ವಿಂಚ್‌ಕೂಂಬ್ ಮೇಲೆ ಬಂದ ಅಗ್ನಿಗೋಳವನ್ನು ಉಲ್ಕಾ ಕ್ಯಾಮೆರಾಗಳ ಜೊತೆ ಮನೆಗಳ ಡೋರ್‌ಬೆಲ್ ಕ್ಯಾಮೆರಾಗಳೂ ಹಿಡಿದಿದ್ದವು; ಮಾರನೆಯ ಬೆಳಗ್ಗೆ ಒಂದು ಮನೆಯ ಮುಂದೆ ಕಪ್ಪು ಪುಡಿಯ ಗುಡ್ಡೆಯಾಗಿ ಉಲ್ಕಾಶಿಲೆ ಬಿದ್ದಿತ್ತು. ಅಂಥದ್ದು ಸಿಕ್ಕಾಗ ಮಾಡಬೇಕಾದ್ದು ಒಂದೇ: ಮೂಲ ಫೈಲನ್ನು ಬೇರೆ ಡಿಸ್ಕಿಗೆ ನಕಲು ಮಾಡಿಡಿ, ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಬೇಡಿ. ಅದು ವಿಡಿಯೊವನ್ನು ಮತ್ತೆ ಕುಗ್ಗಿಸುತ್ತದೆ, ನೀವು ಇಷ್ಟು ಕಷ್ಟಪಟ್ಟು ಕ್ಯಾಮೆರಾದಿಂದ ಕಳಚಿದ ಜಾಣತನ ಅಲ್ಲಿ ಮತ್ತೆ ಕೆಲಸ ಶುರುಮಾಡುತ್ತದೆ.